ಖಾತೆಯಿಂದ ದುಡ್ಡು ಹೋದಾಗ ಎಲ್ಲರೂ ‘ನಮ್ಮದಲ್ಲ’ ಅಂದರೆ ಯಾರ ಹತ್ತಿರ ಹೋಗಬೇಕು?

ಉಡುಪಿಯಲ್ಲಿ ನಿಮ್ಮ ತಂದೆಯ ಖಾತೆ ಖಾಲಿಯಾಗಿದೆ. ಬ್ಯಾಂಕಿನವರು ಪೊಲೀಸರನ್ನು ತೋರಿಸುತ್ತಾರೆ, ಪೊಲೀಸರು ಸಿಮ್ ಕಂಪನಿಯನ್ನು ತೋರಿಸುತ್ತಾರೆ, ಇದಕ್ಕೆಲ್ಲ ಒಂದೇ ಇಲಾಖೆ ಯಾಕಿಲ್ಲ ಅಂತ ಕೇಳಿದ್ದೀರಿ. ನಾನು ಮಂಗಳೂರಿನವನು. ಈ ಸುತ್ತು ನಾನೂ ಸುತ್ತಿದ್ದೇನೆ.

ಕಂಕನಾಡಿಯ ನಮ್ಮ ದೊಡ್ಡಮ್ಮನಿಗೆ ವಾಟ್ಸಾಪಿನಲ್ಲಿ ‘ನಿಮ್ಮ ಸ್ಕೂಟರಿಗೆ ದಂಡ ಬಿದ್ದಿದೆ’ ಅಂತ ಒಂದು ಫೈಲ್ ಬಂತು. ಸ್ಕೂಟರ್ ಮಾರಿ ವರ್ಷವಾಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ. ಅದಕ್ಕೇ ಗಾಬರಿ ಜಾಸ್ತಿ. ಒತ್ತಿಬಿಟ್ಟರು. ಅದು ಎಪಿಕೆ ಫೈಲ್. ಫೋನಿಗೆ ಒಂದು ಆ್ಯಪ್ ಇಳಿದು ಕೂತಿತು, ಬರುವ ಒಟಿಪಿಗಳನ್ನೆಲ್ಲ ಅದೇ ಓದಿಕೊಂಡಿತು. ಅರ್ಧ ಗಂಟೆಯಲ್ಲಿ ಮೂರು ಸಲ ಸೇರಿ 46,000 ರೂಪಾಯಿ ಹೋಯಿತು.

ಅವತ್ತು ಎರಡನೇ ಶನಿವಾರ. ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಅವಿಭಜಿತ ಜಿಲ್ಲೆ (ಮಂಗಳೂರು, ಉಡುಪಿ ಸೇರಿ) ನಮ್ಮದು, ಅಲ್ವಾ? ಮ್ಯಾನೇಜರನ್ನು ಕಂಡು ಮಾತಾಡಿದರೆ ಆಗುತ್ತದೆ ಎಂಬ ಧೈರ್ಯ ನಮಗೆ ರಕ್ತದಲ್ಲೇ ಇದೆ. ಸೋಮವಾರದವರೆಗೆ ಕಾದೆವು. ನಾವು ಮಾಡಿದ ದೊಡ್ಡ ತಪ್ಪು ಅದೇ. ಕೌಂಟರಿನಲ್ಲಿ ‘ಇದು ಪೊಲೀಸ್ ಕೇಸ್ ಮಾರಾಯ್ರೆ’ ಅಂದರು. ಹತ್ತಿರದ ಠಾಣೆಯಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೆ ಹೋಗಿ ಅಂದರು. ಸೆನ್ ಠಾಣೆಯಲ್ಲಿ ಕೇಳಿದ ಮೊದಲ ಮಾತು, ‘1930ಕ್ಕೆ ಫೋನ್ ಮಾಡಿದ್ದೀರಾ?’

ಮಾಡಿರಲಿಲ್ಲ.

ನೀವು ಹುಡುಕುತ್ತಿರುವ ‘ಒಂದೇ ಕಡೆ’ಗೆ ನಮ್ಮಲ್ಲಿ ತೀರಾ ಹತ್ತಿರ ಇರುವುದು ಈ 1930, ಆನ್‌ಲೈನ್ ಮೋಸದ ದೂರು ತಗೊಳ್ಳುವ ಸಹಾಯವಾಣಿ. ಇದರ ಹಿಂದೆ ಇರುವುದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರ ಐ4ಸಿ. 2021ರಲ್ಲಿ ಶುರುವಾದ ವ್ಯವಸ್ಥೆ. ನೀವು ಕೊಟ್ಟ ವಹಿವಾಟಿನ ಸಂಖ್ಯೆ ಟಿಕೆಟ್ ಆಗಿ ಆನ್‌ಲೈನಿನಲ್ಲೇ ಬ್ಯಾಂಕಿಗೆ ಹೋಗುತ್ತದೆ. ದುಡ್ಡು ಅಲ್ಲೇ ಇದ್ದರೆ ತಡೆಯುತ್ತಾರೆ, ಬ್ಯಾಂಕಿನವರ ಮಾತಿನಲ್ಲಿ ‘ಲೀನ್ ಹಾಕುವುದು’. ದುಡ್ಡು ಮುಂದಿನ ಬ್ಯಾಂಕಿಗೆ ದಾಟಿದ್ದರೆ ಟಿಕೆಟ್ಟೂ ಅದರ ಬೆನ್ನು ಹತ್ತುತ್ತದೆ. ನಮ್ಮ ದುಡ್ಡು ಅಷ್ಟರಲ್ಲಿ ಮೂರು ಖಾತೆ ದಾಟಿತ್ತು. ಕೊನೆಯ ಖಾತೆಯಲ್ಲಿ ಉಳಿದಿದ್ದ 7,200ಕ್ಕೆ ಲೀನ್ ಬಿತ್ತು. ಅದನ್ನು ಬಿಡಿಸಿಕೊಳ್ಳಲು ಕೋರ್ಟ್ ಆದೇಶ ಬೇಕಾಯಿತು, ಐದು ತಿಂಗಳು ಹಿಡಿಯಿತು.

ಇನ್ನು ಒಂದೇ ಇಲಾಖೆ ಯಾಕಿಲ್ಲ ಅಂದರೆ, ಒಂದೇ ಮೋಸಕ್ಕೆ ನಾಲ್ಕು ಕಾನೂನು. ಬ್ಯಾಂಕನ್ನು ನೋಡುವುದು ಆರ್‌ಬಿಐ. ಸಿಮ್ಮಿಗೆ ದೂರಸಂಪರ್ಕ ಇಲಾಖೆ ಮತ್ತು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್. ವಾಟ್ಸಾಪಿನಂಥ ಆ್ಯಪ್‌ಗಳಿಗೆ ಐಟಿ ಸಚಿವಾಲಯ. ಕಳ್ಳನನ್ನು ಹಿಡಿಯಬೇಕಾದ್ದು ಆಯಾ ರಾಜ್ಯದ ಪೊಲೀಸ್. ದೊಡ್ಡ ಕಂಪನಿಗಳಿಗೂ ಇದೇ ಗೋಳು. ಜಿಯೋ ಮತ್ತು ಏರ್‌ಟೆಲ್ ತಕರಾರನ್ನು ಟ್ರಾಯ್ ನೋಡಬೇಕೋ, ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಸ್ಪರ್ಧಾ ಆಯೋಗ ನೋಡಬೇಕೋ ಎನ್ನುವುದೇ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೊದಲು ಟ್ರಾಯ್, ಆಮೇಲೆ ಆಯೋಗ ಅಂತ 2018ರ ಡಿಸೆಂಬರಿನಲ್ಲಿ ತೀರ್ಪು ಬಂತು. ಬ್ರಿಟನ್ನಿನಲ್ಲಿ ಇಂಥ ಮೂರು ನಿಯಂತ್ರಣ ಸಂಸ್ಥೆಗಳು 2020ರಲ್ಲಿ ಒಂದು ವೇದಿಕೆ ಮಾಡಿಕೊಂಡವು, ಮರುವರ್ಷ ನಾಲ್ಕನೆಯದೂ ಸೇರಿತು. ಒಳ್ಳೆಯದೇ. ಆದರೆ ಅದು ಕೂತು ಮಾತಾಡುವ ಜಾಗ, ಅದಕ್ಕೆ ತನ್ನದೇ ಅಂತ ಕಾನೂನಿನ ಅಧಿಕಾರ ಇಲ್ಲ.

ನನಗಂತೂ ಸಭೆಗಳಿಗಿಂತ ಮಾಹಿತಿ ಕೈಬದಲಾಗುವುದರಲ್ಲಿ ನಂಬಿಕೆ ಜಾಸ್ತಿ. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಅನುಮಾನದ ಮೊಬೈಲ್ ನಂಬರುಗಳಿಗೆ ಅಪಾಯದ ಮಟ್ಟ ಗುರುತಿಸಿ ಬ್ಯಾಂಕುಗಳಿಗೆ ಕೊಡಲು ಶುರು ಮಾಡಿತು. ಅದನ್ನು ಬಳಸಿ ಅಂತ ಜೂನ್ ಕೊನೆಗೆ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿತು. ದೊಡ್ಡಮ್ಮನ ಕಾಲಕ್ಕೆ ಇದು ಇರಲಿಲ್ಲ.

ನೀವು ಇನ್ನೂ 1930ಕ್ಕೆ ಹೇಳಿಲ್ಲದಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಫೋನ್ ಮಾಡಿ. ಯುಪಿಐನಲ್ಲಿ ಹೋಗಿದ್ದರೆ 12 ಅಂಕಿಯ ರೆಫರೆನ್ಸ್ ನಂಬರ್ ಎದುರಿಗೆ ಇಟ್ಟುಕೊಳ್ಳಿ. ಬ್ಯಾಂಕಿಗೂ ಬೇರೆಯಾಗಿ ದೂರು ಕೊಡಿ, ಪ್ರತಿಯ ಮೇಲೆ ಸೀಲ್ ಮತ್ತು ಸಮಯ ಬರೆಸಿಕೊಳ್ಳಿ. ರಜೆ ಅಂತ ಕಾಯಬೇಡಿ, ದಿನದ 24 ಗಂಟೆಯೂ ದೂರು ತಗೊಳ್ಳಬೇಕು ಅಂತ ಆರ್‌ಬಿಐ 2017ರ ಜುಲೈ 6ರ ಸುತ್ತೋಲೆಯಲ್ಲೇ ಹೇಳಿತ್ತು. ತಪ್ಪು ಗ್ರಾಹಕರದ್ದೇ ಆಗಿದ್ದರೂ, ದೂರು ಕೊಟ್ಟ ಮೇಲೆ ಹೋದ ದುಡ್ಡಿಗೆ ಬ್ಯಾಂಕೇ ಹೊಣೆ ಅಂತಲೂ ಅದರಲ್ಲಿತ್ತು. ಸಮಯ ಬರೆಸಿ ಅಂದದ್ದು ಅದಕ್ಕೇ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ಬರೆಯಿರಿ, ವಕೀಲರು ಬೇಕಿಲ್ಲ.

ಯಾರೋ ನಿಮಗೆ ದೂರಸಂಪರ್ಕ ಇಲಾಖೆಯ ‘ಚಕ್ಷು’ವಿನಲ್ಲಿ ದೂರು ಹಾಕಿ ಅಂದಿದ್ದಾರಂತೆ. ಅದು ದುಡ್ಡು ಹೋಗುವ ಮೊದಲು, ಅನುಮಾನದ ಕಾಲ್ ಬಂದಾಗ ಹೇಳುವ ಜಾಗ. ನಾನು ಸುಮ್ನೆ ಅಲ್ಲಿ ಒಂದು ದಿನ ಕಳೆದೆ. 1930ರಿಂದ ಬಂದ ದೂರು ಸಂಖ್ಯೆಯನ್ನು ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ, ಸೆನ್ ಠಾಣೆಯಲ್ಲಿ ಪ್ರತಿ ಸಲ ಅದನ್ನೇ ಕೇಳುತ್ತಾರೆ.