ಹಂಡೆ, ಹೊಗೆ, ಬಿಲ್ಲು: ಓದುಗರ ಪ್ರಶ್ನೆ – ನಮ್ಮ ಉತ್ತರ

ಬಚ್ಚಲ ಒಲೆಗೆ ಹೋದ ವರ್ಷ ಹೊಗೆಕೊಳವೆ ಹಾಕಿಸಿದ್ದೇವೆ. ನಾಲ್ಕು ಇಂಚಿನ ಸಿಮೆಂಟ್ ಪೈಪು, ಗೋಡೆಯಾಚೆ ಹೋಗಿ ಮೇಲಕ್ಕೆ ತಿರುಗುತ್ತದೆ. ಆದರೂ ಬೆಳಿಗ್ಗೆ ಬೆಂಕಿ ಹಚ್ಚಿದರೆ ಹೊಗೆಯೆಲ್ಲ ಒಲೆಯ ಬಾಯಿಂದಲೇ ಬರುತ್ತದೆ. ಪೈಪಿನ ಸಂದಿಯಿಂದ ಡಾಂಬರಿನಂಥ ಕಪ್ಪು ನೀರು ಸೋರಿ ಸುಣ್ಣದ ಗೋಡೆಯೆಲ್ಲ ಹಾಳಾಗಿದೆ. ಏನು ತಪ್ಪಾಗಿದೆ?
– ಸಾಗರ ತಾಲ್ಲೂಕಿನ ಓದುಗರು

ನಿಮ್ಮ ಎರಡು ದೂರಿಗೂ ಮೂಲ ಒಂದೇ: ಕೊಳವೆ ತಣ್ಣಗಿದೆ. ಬಿಸಿ ಹೊಗೆ ಹಗುರವಾಗಿರುವುದರಿಂದ ಮೇಲೇರುತ್ತದೆ. ಇಬ್ಬನಿಯಲ್ಲಿ ರಾತ್ರಿಯಿಡೀ ನೆನೆದ ಪೈಪಿಗೆ ಅದು ಹೊಕ್ಕ ಕೂಡಲೇ ಬಿಸಿ ಕಳೆದುಕೊಂಡರೆ ಮೇಲೇರುವ ಬಲವೇ ಉಳಿಯುವುದಿಲ್ಲ, ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಹೊಗೆಯಲ್ಲಿರುವ ನೀರಾವಿ ಮತ್ತು ಜಿಡ್ಡು ಪೈಪಿನ ಒಳಮೈಗೆ ತಾಗಿ ಹನಿಗಟ್ಟುತ್ತವೆ. ನೀವು ನೋಡುತ್ತಿರುವ ಕಪ್ಪು ರಸ ಅದೇ.

ಮೊದಲು ಹೊರಗೆ ನಿಂತು ಪೈಪಿನ ತುದಿ ನೋಡಿ. ಬಚ್ಚಲುಮನೆ ಸಾಮಾನ್ಯವಾಗಿ ದೊಡ್ಡ ಮನೆಗೆ ಒತ್ತಿಕೊಂಡ ಇಳಿಮಾಡು. ತುದಿ ಆ ಇಳಿಮಾಡಿಗಿಂತ ಒಂದಡಿ ಮೇಲಿದ್ದರೆ ಸಾಕೆಂದು ಗಾರೆಯವರು ಬಿಟ್ಟಿರುತ್ತಾರೆ. ಗಾಳಿ ದೊಡ್ಡ ಮಾಡನ್ನು ದಾಟಿ ಕೆಳಗೆ ಬಡಿಯುವ ಜಾಗವೇ ಅದು. ಹತ್ತಿರದ ಮಾಡಿನ ನೆತ್ತಿಗಿಂತ ಎರಡು ಅಡಿಯಾದರೂ ಮೇಲಿರಲಿ. ಮಳೆಗೆಂದು ಮುಚ್ಚಿದ ತಗಡಿನ ಟೋಪಿಗೂ ಪೈಪಿನ ಬಾಯಿಗೂ ನಾಲ್ಕು ಇಂಚು ಅಂತರ ಇರಬೇಕು. ಕೆಲವರು ಒಂದೇ ಇಂಚು ಬಿಟ್ಟಿರುತ್ತಾರೆ, ಅಲ್ಲಿ ಮಸಿ ಕಟ್ಟಿಕೊಂಡರೆ ಕೊಳವೆ ಇದ್ದೂ ಇಲ್ಲದಂತೆ.

ಆಮೇಲೆ ಒಳಗಿನ ಅಡ್ಡ ಪೈಪು. ಒಲೆಯಿಂದ ಗೋಡೆವರೆಗೆ ಅದು ಎರಡು ಅಡಿ ಮೀರಬಾರದು, ಮಟ್ಟಸವಾಗಿಯೂ ಇರಬಾರದು. ಹೊರಗೆ ಹೋಗುತ್ತ ಸ್ವಲ್ಪ ಏರಬೇಕು. ನೇರ ಮೂಲೆಯ ಬೆಂಡಿನ ಬದಲು ಓರೆ ಬೆಂಡು ಹಾಕಿಸಿ. ತಿರುವಿನ ಕೆಳಗೆ ಮುಚ್ಚಳವಿರುವ ಒಂದು ಕಿಂಡಿ ಬೇಕೇ ಬೇಕು, ಬೂದಿಯೂ ಮಸಿಯೂ ಬಂದು ಕೂರುವುದು ಅಲ್ಲೇ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆ ಕಿಂಡಿಯಲ್ಲಿ ಒಂದು ಒಣ ಅಡಿಕೆ ಹಾಳೆಯನ್ನೋ ಪೇಪರನ್ನೋ ಉರಿಸಿ ಮುಚ್ಚಳ ಹಾಕಿದರೆ ಕೊಳವೆ ಬಿಸಿಯಾಗಿ ಎಳೆಯಲು ಶುರುಮಾಡುತ್ತದೆ.

ಸಂದಿಯಲ್ಲಿ ಸೋರುವುದಕ್ಕೆ ಕಾರಣ ಪೈಪು ತಲೆಕೆಳಗಾಗಿರುವುದು. ಮೇಲಿನ ಪೈಪಿನ ತುದಿ ಕೆಳಗಿನ ಪೈಪಿನ ಅಗಲ ಬಾಯೊಳಗೆ ಇಳಿದಿರಬೇಕು. ಆಗ ರಸ ಒಳಗೊಳಗೇ ಇಳಿದು ಕಿಂಡಿಗೆ ಬರುತ್ತದೆ. ತಿರುಗಾಮುರುಗಾ ಜೋಡಿಸಿದ್ದರೆ ಎಷ್ಟು ಸಿಮೆಂಟ್ ಮೆತ್ತಿದರೂ ಮೂರು ತಿಂಗಳಲ್ಲಿ ಮತ್ತೆ ಸೋರುತ್ತದೆ. ಇನ್ನೊಂದು ಮಾತು. ಹಳೆಯ ಸಿಮೆಂಟ್ ಪೈಪುಗಳಲ್ಲಿ ಕಲ್ನಾರು ಇರುತ್ತದೆ. ಒಲೆಗೆ ತೀರಾ ಹತ್ತಿರವಿದ್ದರೆ ಅವು ಸಿಡಿಯುತ್ತವೆ, ಆದ್ದರಿಂದ ಮೊದಲ ಮೂರು ಅಡಿ ಇಟ್ಟಿಗೆಯಲ್ಲೋ ದಪ್ಪ ಕಬ್ಬಿಣದ ಪೈಪಿನಲ್ಲೋ ಇರಲಿ. ಗರಗಸ ಹಾಕಿ ಒಣದಾಗಿ ಕೊಯ್ಯಬೇಡಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕೊನೆಗೆ ಹಂಡೆಯ ಸುತ್ತಲಿನ ಜಾಗ. ಹಂಡೆಯ ಹೊಟ್ಟೆಗೂ ಒಲೆಯ ಗೋಡೆಗೂ ಸುತ್ತ ಒಂದರಿಂದ ಒಂದೂವರೆ ಇಂಚು ಸಂದು ಸಾಕು. ಅರ್ಧ ಇಂಚಾದರೆ ಹೊಗೆ ತಿರುಗಿ ಬರುತ್ತದೆ, ಮೂರು ಇಂಚಾದರೆ ಉರಿ ಹಂಡೆಯನ್ನು ಮುಟ್ಟದೆ ನೇರ ಕೊಳವೆಗೆ ಓಡುತ್ತದೆ. ಹೊಗೆ ಹೋಗುವ ಕಿಂಡಿ ಒಲೆಬಾಯಿಯ ಎದುರುಬದಿಯಲ್ಲಿ, ಮೇಲ್ಭಾಗದಲ್ಲಿರಲಿ. ಸೌದೆಯ ಕೆಳಗೆ ಕಬ್ಬಿಣದ ಜಾಲರಿ ಇಲ್ಲದಿದ್ದರೆ ಈಗಲೇ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸಲೆಂದು 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ರೂಪಿಸಿದ, ಸೌದೆ ಉಳಿಸುವ ಅಸ್ತ್ರ ಒಲೆಯ ಗುಟ್ಟಿನಲ್ಲಿ ಅರ್ಧ ಈ ಜಾಲರಿಯೇ: ಕೆಂಡಕ್ಕೆ ಕೆಳಗಿಂದ ಗಾಳಿ. ಹಣ ಉಳಿಸಲು ಜಾಲರಿ ಕೈಬಿಟ್ಟು, ಒಲೆಗೆ ಅಸ್ತ್ರದ ಹೆಸರು ಮಾತ್ರ ಇಟ್ಟವರು ಬೇಕಾದಷ್ಟು ಜನ.

ಒಂದು ಲೆಕ್ಕ ಕೊಡುತ್ತೇವೆ. 60 ಲೀಟರಿನ ಹಂಡೆಯನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು, ಬೆಂಕಿಯ ಕಾಲುಭಾಗ ನೀರಿಗೆ ಸೇರಿದರೆ ಎರಡು ಕಿಲೋ ಒಣ ಸೌದೆ ಸಾಕು. ಮೂರು ಕಲ್ಲಿನ ಒಲೆಯಂತೆ ನೂರಕ್ಕೆ ಹತ್ತು-ಹದಿನೈದು ಭಾಗ ಮಾತ್ರ ಸೇರಿದರೆ ನಾಲ್ಕು ಕಿಲೋ. ನಿಮ್ಮದು ಎಷ್ಟು ತಿನ್ನುತ್ತಿದೆಯೆಂದು ಒಂದು ದಿನ ತೂಗಿ ನೋಡಿ.

ತೋಟದ ಸಿಲ್ವರ್ ಓಕ್ ಕಡಿಸಿ ಜನವರಿಯಲ್ಲೇ ಒಟ್ಟಿದ್ದೆವು. ಮಳೆಗಾಲಕ್ಕೆ ನೋಡಿದರೆ ಉರಿಯುವುದೇ ಇಲ್ಲ, ಬುಸುಗುಡುತ್ತದೆ. ಸೌದೆ ಒಣಗಿದೆಯೆಂದು ತಿಳಿಯುವುದು ಹೇಗೆ? ಇದನ್ನು ಕಡಿಯಲು ಅನುಮತಿ ಬೇಕಿತ್ತೇ?
– ಮೂಡಿಗೆರೆಯ ಓದುಗರು

ಕಡಿದ ದಿಮ್ಮಿಯನ್ನು ಸೀಳದೆ ಹಾಗೇ ಒಟ್ಟಿರುತ್ತೀರಿ. ಸೌದೆಯ ನೀರು ತೊಗಟೆಯ ಮೂಲಕ ಹೆಚ್ಚು ಹೋಗುವುದಿಲ್ಲ, ಸೀಳಿದ ಮೈಯಿಂದ ಹೋಗುತ್ತದೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗೆ ಹಾಕಿದರೆ ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಉಳಿದದ್ದು ನಿಮ್ಮ ಹಂಡೆಗೆ. ಕಿಲೋಗೆ ಕಿಲೋ ಹೋಲಿಸಿದರೆ ಒಣ ಸೌದೆಯ ಅರ್ಧದಷ್ಟು ಶಾಖವೂ ಕಷ್ಟ. ಮೇಲಿನ ಪ್ರಶ್ನೆಯ ಕಪ್ಪು ರಸಕ್ಕೂ ಹಸಿ ಸೌದೆಯೇ ದೊಡ್ಡ ಕಾರಣ.

ಮೂರ್ನಾಲ್ಕು ಇಂಚು ದಪ್ಪಕ್ಕೆ ಸೀಳಿಸಿ. ಕೆಳಗೆ ಎರಡು ಅಡಕೆ ದಬ್ಬೆಯೋ ಕಲ್ಲುಗಳೋ ಇಟ್ಟು ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಒಟ್ಟಿ. ಒಟ್ಟಿಲಿನ ತಲೆಗೆ ಮಾತ್ರ ತಗಡು ಹೊದಿಸಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಸುತ್ತಲೂ ಟಾರ್ಪಾಲು ಬಿಗಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಫೆಬ್ರವರಿಯಿಂದ ಮೇವರೆಗಿನ ಬಿಸಿಲು ಹೀಗೆ ಸಿಕ್ಕರೆ ಒಳ್ಳೆಯ ಸೌದೆ.

ಪರೀಕ್ಷೆ ಸುಲಭ. ಒಟ್ಟಿಲಿನ ನಡುವಿನಿಂದ ಒಂದು ತುಂಡು ತೆಗೆದು ಮತ್ತೆ ಸೀಳಿ, ಅಡುಗೆ ತಕ್ಕಡಿಯಲ್ಲಿ ತೂಗಿ. ಒಂದು ಕಿಲೋ ಇದೆ ಎನ್ನಿ. ಅದನ್ನು ಒಲೆಯ ದಂಡೆಯ ಮೇಲೆ, ಬೆಂಕಿ ತಾಗದ ಹಾಗೆ, ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ಎಂಟುನೂರು ಗ್ರಾಂಗೆ ನಿಂತರೆ ನೀರು ನೂರಕ್ಕೆ ಇಪ್ಪತ್ತು, ಉರಿಸಬಹುದು. ಆರುನೂರೈವತ್ತಕ್ಕೆ ಇಳಿದರೆ ಇನ್ನೊಂದು ಬೇಸಿಗೆ ಬೇಕು.

ಅನುಮತಿಯ ವಿಷಯ: 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಸುಬಾಬುಲ್, ಗ್ಲಿರಿಸೀಡಿಯ, ರಬ್ಬರ್, ತೆಂಗಿನಂಥ ಕೆಲವು ಜಾತಿಗಳಿಗೆ ಇದರಿಂದ ವಿನಾಯಿತಿಯಿದೆ. ಸಾಗಾಟದ ನಿಯಮ ಬೇರೆ. ಲಾರಿಗೆ ಹೇರುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ನಿಂತು ವಾದ ಮಾಡುವುದಕ್ಕಿಂತ ಅದು ವಾಸಿ.

ಇಲ್ಲಿ ಗ್ಯಾಸ್ ಬಿಲ್ ಕಟ್ಟಿ ಸಾಕಾಗಿದೆ. ನಾವು ಕೊಂಡ ಹಳೆಯ ಮನೆಯಲ್ಲಿ ತೆರೆದ ಅಗ್ಗಿಷ್ಟಿಕೆ ಇದೆ, ಕಡಿದ ಮರದ ತುಂಡುಗಳೂ ಪುಕ್ಕಟೆ ಸಿಗುತ್ತವೆ. ಹೊಗೆ ಬಂದರೆ ದಂಡ ಎಂದು ನೆರೆಯವರು ಹೆದರಿಸುತ್ತಾರೆ. ನಿಜವೇ?
– ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಓದುಗರು

ನಿಜ. ಇಂಗ್ಲೆಂಡಿನ ಬಹುತೇಕ ದೊಡ್ಡ ಊರುಗಳು ಹೊಗೆ ನಿಯಂತ್ರಣ ವಲಯದಲ್ಲಿವೆ. ನಿಮ್ಮ ಬೀದಿ ಆ ವಲಯದಲ್ಲಿದೆಯೇ ಎಂಬುದು ಕೌನ್ಸಿಲಿನ ವೆಬ್‌ಸೈಟಿನಲ್ಲಿರುತ್ತದೆ. ಇದ್ದರೆ, ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಸುಡುವಂತಿಲ್ಲ, ಮಾನ್ಯತೆ ಪಡೆದ ಹೊಗೆರಹಿತ ಇಂಧನ ಮಾತ್ರ. ಚಿಮಣಿಯಿಂದ ಹೊಗೆ ಬಿಟ್ಟರೆ 175ರಿಂದ 300 ಪೌಂಡ್ ದಂಡ. ತೆರೆದ ಅಗ್ಗಿಷ್ಟಿಕೆಯಲ್ಲಿ ಸುಡಲೆಂದು ಮಾನ್ಯತೆಯಿಲ್ಲದ ಇಂಧನ ಕೊಂಡರೆ 1,000 ಪೌಂಡ್‌ವರೆಗೂ ಹೋಗಬಹುದು. ಅಲ್ಲಿನ ಪರಿಸರ ಇಲಾಖೆಯಾದ ಡೆಫ್ರಾದ ವಿನಾಯಿತಿ ಪಟ್ಟಿಯಲ್ಲಿರುವ ಮುಚ್ಚಿದ ಸ್ಟೌವ್ ಆದರೆ ಸೌದೆ ಹಾಕಬಹುದು. 2022ರ ಜನವರಿಯಿಂದ ಮಾರುವ ಹೊಸ ಸ್ಟೌವ್‌ಗಳು ಕಡಿಮೆ ಹೊಗೆಯ ಇಕೋಡಿಸೈನ್ ಮಟ್ಟಕ್ಕೂ ಇರಬೇಕು. ಸ್ಟೌವ್ ಕೂರಿಸುವವರನ್ನು ನೋಂದಾಯಿಸುವ ಹೆಟಾಸ್ ಸಂಸ್ಥೆಯ ಪಟ್ಟಿಯಲ್ಲಿರುವವರಿಂದಲೇ ಕೂರಿಸಿಕೊಳ್ಳಿ, ಇಲ್ಲವೇ ಕೌನ್ಸಿಲಿನ ಕಟ್ಟಡ ವಿಭಾಗದ ಒಪ್ಪಿಗೆ ತೆಗೆದುಕೊಳ್ಳಬೇಕಾಗುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆಹಚ್ಚುವ ಅಲಾರಂ ಹಾಕಿಸಿ.

ಮೂಡಿಗೆರೆಯವರಿಗೆ ಹೇಳಿದ ಇಪ್ಪತ್ತರ ಲೆಕ್ಕ ನಿಮ್ಮಲ್ಲಿ ಕಾನೂನೇ ಆಗಿದೆ. 2021ರ ಮೇಯಿಂದ ಎರಡು ಘನಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ತೇವ ನೂರಕ್ಕೆ ಇಪ್ಪತ್ತು ಮೀರಬಾರದು. ಚೀಲದ ಮೇಲೆ ‘ರೆಡಿ ಟು ಬರ್ನ್’ ಗುರುತು ನೋಡಿ. ನಿಮ್ಮ ಪುಕ್ಕಟೆ ತುಂಡುಗಳನ್ನು ಆ ತಂಪು ಹವೆಯಲ್ಲಿ ಒಣಗಿಸಲು ಒಂದೆರಡು ವರ್ಷ ಬೇಕು.

ಉಳಿತಾಯವೇ ಗುರಿಯಾದರೆ ಸೌದೆಯ ಆಸೆ ಬಿಡಿ. ತೆರೆದ ಅಗ್ಗಿಷ್ಟಿಕೆಯ ಬಿಸಿಯಲ್ಲಿ ಹೆಚ್ಚುಪಾಲು ಚಿಮಣಿಯಲ್ಲೇ ಹೋಗುತ್ತದೆ, ಕೋಣೆಯ ಬೆಚ್ಚನೆ ಗಾಳಿಯನ್ನೂ ಎಳೆದೊಯ್ಯುತ್ತದೆ. ಅದರ ಬದಲು ನಿಮ್ಮ ಕಾಂಬಿ ಬಾಯ್ಲರಿನಲ್ಲಿ (ಕೋಣೆ ಬೆಚ್ಚಗಿಡುವ ನೀರನ್ನೂ ನಲ್ಲಿಯ ಬಿಸಿನೀರನ್ನೂ ಕಾಯಿಸುವ ಗ್ಯಾಸ್ ಯಂತ್ರ) ರೇಡಿಯೇಟರ್ ನೀರಿನ ತಾಪ ನೋಡಿ. 75–80ಕ್ಕೆ ಇಟ್ಟಿದ್ದರೆ 60ಕ್ಕೆ ಇಳಿಸಿ. ವಾಪಸು ಬರುವ ನೀರು 55ಕ್ಕಿಂತ ಕೆಳಗಿದ್ದರೆ ಮಾತ್ರ ಆ ಬಾಯ್ಲರು ಹೊಗೆಯಲ್ಲಿನ ಆವಿಯ ಶಾಖವನ್ನು ಹಿಂಪಡೆಯುತ್ತದೆ. ಬಿಸಿನೀರಿನ ಸಿಲಿಂಡರ್ ಇರುವ ಮನೆಯಾದರೆ ಸಿಲಿಂಡರಿನ ನೀರು 60ಕ್ಕಿಂತ ಇಳಿಯಕೂಡದು, ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಗೃಹಜ್ಯೋತಿಯಲ್ಲಿ ನಮ್ಮ ಅರ್ಹತೆ 140 ಯೂನಿಟ್. ಡಿಸೆಂಬರಿನಲ್ಲಿ 206 ಬಂತು, ಪೂರ್ತಿ ಬಿಲ್ ಕಟ್ಟಿ ಎಂದರು. ಆರು ಯೂನಿಟ್‌ಗೆ ಇಷ್ಟು ಶಿಕ್ಷೆಯೇ? ಗೀಸರ್ ಬದಲು ಕಾಯಿಲ್ ಹಾಕಿದರೆ ಕಡಿಮೆಯಾಗುತ್ತದೆಯೇ?
– ಮೈಸೂರಿನ ಓದುಗರು

ನಿಯಮ ಇರುವುದೇ ಹಾಗೆ. 2022–23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿ ಅರ್ಹತೆ ನಿಗದಿ ಮಾಡಿದ್ದಾರೆ. ಅದನ್ನು ದಾಟಿ 200ರೊಳಗೆ ನಿಂತರೆ ಹೆಚ್ಚುವರಿಗೆ ಮಾತ್ರ ಹಣ, 200 ದಾಟಿದರೆ ಎಲ್ಲಕ್ಕೂ ಹಣ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಲೆಕ್ಕ ಹಾಕಿ: ಯೂನಿಟ್‌ಗೆ ₹5.80, ವಿದ್ಯುತ್ ನೌಕರರ ಪಿಂಚಣಿಗೆಂದು ಸರ್ಚಾರ್ಜ್ 36 ಪೈಸೆ, ತೆರಿಗೆ ಶೇ. 9, ಜೊತೆಗೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ₹145 ನಿಗದಿತ ಶುಲ್ಕ. ಮೂರು ಕಿಲೋವ್ಯಾಟ್ ಮನೆಗೆ 206 ಯೂನಿಟ್ ಎಂದರೆ ₹1,800ರ ಆಸುಪಾಸು. 199ಕ್ಕೆ ನಿಂತಿದ್ದರೆ ಹೆಚ್ಚುವರಿ 59 ಯೂನಿಟ್‌ಗೆ ₹400ರ ಹತ್ತಿರ. ಮೀಟರ್ ಓದುವ ದಿನಕ್ಕೆ ಹತ್ತು ದಿನ ಮೊದಲು ನೀವೇ ಹೋಗಿ ಅಂಕಿ ನೋಡಿ. ಹಿಂದಿನ ಬಿಲ್ಲಿನ ಅಂಕಿಯಿಂದ ಆಗಲೇ 135 ದಾಟಿದ್ದರೆ ಎಚ್ಚರವಾಗಬೇಕು.

ಕಾಯಿಲ್ ಹಾಕಿದರೆ ಏನೂ ಉಳಿಯದು. ನೀರು ಕಾಯಲು ಇಷ್ಟೇ ವಿದ್ಯುತ್ ಬೇಕೆಂಬುದು ನೀರಿನ ಲೆಕ್ಕ, ಯಂತ್ರದ್ದಲ್ಲ. 15 ಲೀಟರಿನ ಒಂದು ಬಕೆಟನ್ನು 22ರಿಂದ 42 ಡಿಗ್ರಿಗೆ ಏರಿಸಲು 0.35 ಯೂನಿಟ್. ಅದು ಒಂದು ಕಿಲೋವ್ಯಾಟ್ ಕಾಯಿಲ್‌ನಲ್ಲಿ ನಿಧಾನ, ಮೂರು ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರಿನಲ್ಲಿ ಬೇಗ, ಅಷ್ಟೇ ವ್ಯತ್ಯಾಸ. ಕಾಯಿಲ್‌ಗೆ ತಾನಾಗಿ ಆಫ್ ಆಗುವುದು ಗೊತ್ತಿಲ್ಲ, ಮರೆತರೆ ಯೂನಿಟ್ ಓಡುತ್ತಲೇ ಇರುತ್ತದೆ. ಸ್ವಿಚ್ ಆರಿಸದೆ ಬಕೆಟಿಗೆ ಕೈ ಹಾಕುವ ಅಪಾಯ ಬೇರೆ.

ನಿಜವಾಗಿ ತಿನ್ನುವುದು ಶವರು. ನಿಮಿಷಕ್ಕೆ ಎಂಟು ಲೀಟರಿನಂತೆ ಹತ್ತು ನಿಮಿಷ ನಿಂತರೆ 80 ಲೀಟರ್, ಅಂದರೆ ಸುಮಾರು 1.9 ಯೂನಿಟ್. ನಾಲ್ಕು ಜನ ಬಕೆಟ್ ಸ್ನಾನ ಮಾಡಿದರೆ ತಿಂಗಳಿಗೆ 42 ಯೂನಿಟ್, ನಾಲ್ವರೂ ಶವರಿಗೆ ನಿಂತರೆ 220ಕ್ಕೂ ಹೆಚ್ಚು. ನಿಮ್ಮ ಆರು ಯೂನಿಟ್ ಮನೆಯ ಒಬ್ಬರ ಮೂರ್ನಾಲ್ಕು ದಿನದ ಶವರು.

ಗ್ಯಾಸ್ ಸಿಲಿಂಡರ್ ಮೊದಲು 40 ದಿನ ಬರುತ್ತಿತ್ತು, ಈಗ 30ಕ್ಕೇ ಮುಗಿಯುತ್ತಿದೆ. ತೂಕದಲ್ಲಿ ಮೋಸವೇ?
– ದಾವಣಗೆರೆಯ ಓದುಗರು

ತೂಗಿದರೆ ಗೊತ್ತಾಗುತ್ತದೆ. ಹಿಡಿಕೆಯ ಕೆಳಗಿನ ಪಟ್ಟಿಯ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ, ಅದಕ್ಕೆ 14.2 ಕಿಲೋ ಸೇರಿಸಿದಷ್ಟು ಬರಬೇಕು. ತಂದುಕೊಡುವವರ ಬಳಿ ತಕ್ಕಡಿ ಇರಲೇಬೇಕು, ಅವರೆದುರಿಗೇ ತೂಗಿಸಿ. ತೂಕ ಸರಿಯಿದ್ದರೆ ಉರಿ ನೋಡಿ. ನೀಲಿಯ ಬದಲು ಹಳದಿಯಿದ್ದು ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗಾಳಿ ಸಾಲದು. ಬರ್ನರಿನ ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಬಿಸಿ ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಕೂರಿಸಿ. ಉಕ್ಕಿದ ಹಾಲು ಒಳಗಿನ ನಳಿಗೆಗೆ ಇಳಿದಿದ್ದರೆ ಮೇಲಿಂದ ಒರೆಸಿ ಪ್ರಯೋಜನವಿಲ್ಲ.

ಚಳಿಗೆ ಮಲಗುವ ಕೋಣೆಯಲ್ಲಿ ಇದ್ದಲು ಕೆಂಡದ ಅಗ್ಗಿಷ್ಟಿಕೆ ಇಡುತ್ತೇವೆ. ಹೊಗೆಯೇ ಬರುವುದಿಲ್ಲ, ತೊಂದರೆಯಿಲ್ಲವಲ್ಲ?
– ಮಡಿಕೇರಿಯ ಓದುಗರು

ಇವತ್ತೇ ನಿಲ್ಲಿಸಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಬರುವ ಹೊತ್ತಿಗೆ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಹೋಗಿರಬಹುದು. ಮಲಗುವ ಮೊದಲು ಕಿಟಕಿ ತೆರೆದಿಟ್ಟು ಕೋಣೆ ಬೆಚ್ಚಗೆ ಮಾಡಿಕೊಂಡು, ಕೆಂಡವನ್ನು ಅಂಗಳಕ್ಕೆ ಒಯ್ದು ನೀರು ಹಾಕಿ ಆರಿಸಿ. ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ ಅದಕ್ಕೂ ಇದೇ ಮಾತು: ಗೀಸರ್ ಹೊರಗೋಡೆಗೆ ಹೋಗಲಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ.