ವೇರಿಯೇಬಲ್ ಬದಲಾದರೆ ತಾನಾಗಿ ಗೊತ್ತಾಗುವಂತೆ ಮಾಡುವುದು ಹೇಗೆ?

ಕಲಬುರಗಿಯ ತೊಗರಿ ದರ ತೋರಿಸುವ ಪೈಥಾನ್ ಆ್ಯಪ್‌ನಲ್ಲಿ ‘ದರ’ ಬದಲಾದ ಕೂಡಲೇ ಸ್ಕ್ರೀನೂ ಬದಲಾಗಬೇಕು, ಎಸ್ಸೆಮ್ಮೆಸ್ಸೂ ಹೋಗಬೇಕು, ಸೆಕೆಂಡಿಗೊಮ್ಮೆ ನೋಡುವ ಲೂಪ್ ಬೇಡ. ಇದೇ ಅಲ್ವಾ ನಿಮ್ಮ ಪ್ರಶ್ನೆ? ಅದಕ್ಕೆ ಅಬ್ಸರ್ವರ್ ಪ್ಯಾಟರ್ನ್ ಸರಿ, ಅಂದ್ರೆ ಬದಲಾದದ್ದೇ ಬೇಕಾದವರಿಗೆ ಸುದ್ದಿ ಮುಟ್ಟಿಸುವ ವಿಧಾನ.

ಗಂಜ್‌ನಲ್ಲಿ, ಅಂದ್ರೆ ದವಸದ ಮಾರುಕಟ್ಟೆಯಲ್ಲಿ, ರೈತರು ಗಳಿಗೆಗೊಮ್ಮೆ ಅಡತಿ (ದಲ್ಲಾಳಿ) ಅಂಗಡಿಗೆ ಹೋಗಿ ‘ರೇಟ್ ಎಷ್ಟಾಯ್ತ್ರಿ’ ಅಂತ ಕೇಳುವುದಿಲ್ಲ. ನಂಬರ್ ಕೊಟ್ಟು ಬರುತ್ತಾರೆ. ದರ ಏರಿದರೆ ಅಡತಿಯವರೇ ಫೋನ್ ಮಾಡುತ್ತಾರೆ.

ಕೋಡ್‌ನಲ್ಲೂ ಅಷ್ಟೇ. ದರವನ್ನು ಒಂದು ಕ್ಲಾಸಿನೊಳಗೆ ಇಡಿ. ಪಕ್ಕದಲ್ಲೇ ಒಂದು ಲಿಸ್ಟ್, ಅದರಲ್ಲಿ ಸುದ್ದಿ ಬೇಕಾದ ಫಂಕ್ಷನ್‌ಗಳು. ಆಮೇಲೆ ದರಕ್ಕೆ ಪ್ರಾಪರ್ಟಿ ಸೆಟ್ಟರ್ ಬರೆಯಿರಿ, ಅಂದ್ರೆ ದರಕ್ಕೆ ಹೊಸ ಬೆಲೆ ಕೊಟ್ಟಾಗಲೆಲ್ಲ ತಾನಾಗಿ ಓಡುವ ಮೆಥಡ್. 7500 ಇದ್ದದ್ದಕ್ಕೆ ಮತ್ತೆ 7500 ಬಂದರೆ ಸುಮ್ನೆ ವಾಪಸ್ ಹೋಗಲಿ, ಇಲ್ಲದಿದ್ದರೆ ಒಂದೇ ಎಸ್ಸೆಮ್ಮೆಸ್ ಹತ್ತು ಸಲ ಹೋಗುತ್ತದೆ. 7650 ಬಂದರೆ ಮೊದಲು ಹೊಸ ಬೆಲೆ ಉಳಿಸಿ, ಆಮೇಲೆ ಲಿಸ್ಟಿನ ಒಂದೊಂದೇ ಫಂಕ್ಷನ್‌ಗೆ ಹಳೆಯದು, ಹೊಸದು ಎರಡನ್ನೂ ಕೊಟ್ಟು ಕರೆಯಿರಿ. ಈ ಕ್ರಮ ತಿರುಗಿದರೆ ಸ್ಕ್ರೀನ್ ಹಳೇ ದರವನ್ನೇ ಓದಬಹುದು.

ಜಾಸ್ತಿ ಜನ ಎಡವುವ ಜಾಗ ಬೇರೆ: ವೇರಿಯೇಬಲ್‌ನಲ್ಲಿ ಒಂದೇ ಬೆಲೆಯ ಬದಲು ಲಿಸ್ಟ್ ಇದ್ದು ಅದಕ್ಕೆ ಅಪೆಂಡ್ ಮಾಡಿದರೆ (ಕೊನೆಗೆ ಹೊಸದು ಸೇರಿಸಿದರೆ) ಸೆಟ್ಟರ್ ಓಡುವುದೇ ಇಲ್ಲ. ಸೇರಿಸುವುದಕ್ಕೆ ಬೇರೆ ಮೆಥಡ್ ಬರೆದು ಅಲ್ಲಿಂದಲೇ ಸುದ್ದಿ ಕಳಿಸಿ. ಮುಚ್ಚಿದ ಸ್ಕ್ರೀನಿನ ಫಂಕ್ಷನ್ ಅನ್ನು ಸುದ್ದಿ ಬೇಕಾದ ಫಂಕ್ಷನ್‌ಗಳ ಲಿಸ್ಟಿನಿಂದ ತೆಗೆಯುವುದನ್ನೂ ಮರೆಯಬೇಡಿ, ಮೆಮೊರಿ ಸುಮ್ನೆ ತುಂಬುತ್ತದೆ.