ಬ್ರಾಡ್‌ಬ್ಯಾಂಡ್ ಬದಲಿಸಿದರೆ ಅಪ್ಪನ ಹಳೇ ಇಮೇಲ್ ಉಳಿಯುತ್ತದಾ?

ನಮಸ್ಕಾರ. ನಿಮ್ಮ ಅಪ್ಪ ಬಿಎಸ್‌ಎನ್‌ಎಲ್ ಬಿಟ್ಟು ಬೇರೆ ಕಂಪನಿಯ ಫೈಬರ್ ಹಾಕಿಸಿಕೊಳ್ಳುತ್ತಿದ್ದಾರೆ, ಬಿಎಸ್‌ಎನ್‌ಎಲ್ ಕೊಟ್ಟ ಡಾಟಾಒನ್ ಇಮೇಲ್ ವಿಳಾಸ ಉಳಿಯುತ್ತದಾ ಅಂತ ಕೇಳಿದ್ದೀರಿ. ಉಳಿಯುತ್ತದೆ ಅಂತ ನಂಬಿ ಕೂರಬೇಡಿ. ಮೊಬೈಲ್ ನಂಬರನ್ನು 2011ರಿಂದ ದೇಶದಾದ್ಯಂತ ಪೋರ್ಟ್ ಮಾಡಬಹುದು, ಇಮೇಲ್‌ಗೆ ಆ ಸೌಲಭ್ಯ ಇಲ್ಲ. ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು ಕಂಪನಿಯದ್ದು, ಅಲ್ವಾ?

ಹಾಗಾಗಿ ಹಳೇ ಸಂಪರ್ಕ ಈಗಲೇ ರದ್ದು ಮಾಡಿಸಬೇಡಿ. ಒಂದೆರಡು ತಿಂಗಳ ಬಿಲ್ ಜಾಸ್ತಿ ಹೋದರೂ ಪರವಾಗಿಲ್ಲ. ಮೊದಲು ಜಿಮೇಲ್‌ನಂಥ ಹೊಸ ಖಾತೆ ತೆರೆಯಿರಿ. ಆಮೇಲೆ ಬ್ಯಾಂಕ್, ಆದಾಯ ತೆರಿಗೆ ಪೋರ್ಟಲ್, ಎಲ್‌ಐಸಿ, ಮ್ಯೂಚುವಲ್ ಫಂಡ್, ಎಲ್ಲ ಕಡೆ ವಿಳಾಸ ಬದಲಿಸಿ. ಇದೇ ಮುಖ್ಯ. ಪಾಸ್‌ವರ್ಡ್ ಮರೆತಾಗ ರೀಸೆಟ್ ಲಿಂಕ್ ಹೋಗುವುದು ಹಳೇ ವಿಳಾಸಕ್ಕೇ. ಯಾವುದೆಲ್ಲ ಇದೆ ಅಂತ ತಿಳಿಯಲು ಇನ್‌ಬಾಕ್ಸ್‌ನಲ್ಲಿ 'ಸ್ಟೇಟ್‌ಮೆಂಟ್', 'ಒಟಿಪಿ', 'ಪಾಲಿಸಿ' ಅಂತ ಇಂಗ್ಲಿಷಿನಲ್ಲಿ ಹುಡುಕಿ ನೋಡಿ.

ಹಳೇ ಪತ್ರಗಳನ್ನು ಉಳಿಸಿಕೊಳ್ಳಲು ಥಂಡರ್‌ಬರ್ಡ್ ಸಾಕು, ಅದು ಕಂಪ್ಯೂಟರಿನಲ್ಲಿ ಇಮೇಲ್ ನೋಡುವ ಉಚಿತ ತಂತ್ರಾಂಶ. ಖಾತೆಯನ್ನು ಐಮ್ಯಾಪ್‌ನಲ್ಲಿ (ಪತ್ರಗಳನ್ನು ಕಂಪನಿಯ ಸರ್ವರ್‌ನಲ್ಲೇ ಇಟ್ಟು ತೋರಿಸುವ ವಿಧಾನ) ಸೇರಿಸಿದರೆ ಒಂದು ಎಚ್ಚರಿಕೆ: ಪತ್ರಗಳು ಕಂಪ್ಯೂಟರಿನಲ್ಲಿ ಕಂಡರೂ ಅವು ಸರ್ವರ್‌ನ ಪ್ರತಿಬಿಂಬ ಅಷ್ಟೆ, ಖಾತೆ ಮುಚ್ಚಿದರೆ ಅವೂ ಹೋಗಬಹುದು. ಎಲ್ಲವನ್ನೂ ಆಯ್ದು ಎಡಗಡೆಯ 'ಲೋಕಲ್ ಫೋಲ್ಡರ್ಸ್'ಗೆ ಕಾಪಿ ಮಾಡಿ. 'ಸೆಂಟ್' ಫೋಲ್ಡರ್ ಮರೆಯಬೇಡಿ, ಅಪ್ಪ ಬರೆದದ್ದೆಲ್ಲ ಅಲ್ಲೇ ಇರುವುದು. ಒಂದು ಪೆನ್‌ಡ್ರೈವ್‌ಗೂ ಹಾಕಿಡಿ.

ಮುಂದೆಂದೂ ಈ ತಲೆನೋವು ಬೇಡ ಅನ್ನಿಸಿದರೆ ಸ್ವಂತ ಡೊಮೈನ್, ಅಂದರೆ @ ಆದಮೇಲೆ ಬರುವ ನಿಮ್ಮದೇ ಹೆಸರು, ಕೊಳ್ಳಬಹುದು. ವರ್ಷವರ್ಷ ನವೀಕರಿಸುತ್ತಿದ್ದರೆ ವಿಳಾಸ ನಿಮ್ಮದೇ. ಆದರೆ ಅಪ್ಪನ ಬಳಕೆಗೆ ಜಿಮೇಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಥಂಡರ್‌ಬರ್ಡ್‌ನಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಹೇಳುತ್ತೇನೆ.